ಒದ್ದೆ ಪಂಚೆಯೂ ಅಣ್ಣನ ರಕ್ತನಾಳಗಳೂ

ನಮ್ಮಣ್ಣನಿಗೆ ತನ್ನ ಬಿ.ಪಿ.ಯ ಕೆಳಗಿನ ಅಂಕಿಯ ಮೇಲೆ ಬಹಳ ಹೆಮ್ಮೆ ಇತ್ತು. ಮೇಲಿನದು ನೂರ ಎಪ್ಪತ್ತು ದಾಟಿ ಕೂತಿದ್ದರೂ ಅವನು ಅದರ ಸುದ್ದಿ ಎತ್ತುತ್ತಿರಲಿಲ್ಲ. "ಕೆಳಗಿಂದು ಅರವತ್ತೆಂಟು ಕೂಸೇ. ಕಾಲೇಜು ಹುಡುಗ್ರಿಗೂ ಇಷ್ಟು ಚೆಂದ ಇರ್ತದಾ ಹೇಳು" ಎಂದು ನನ್ನ ಕ್ಲಿನಿಕ್ಕಿನಲ್ಲಿ ಕೂತ ಉಳಿದ ರೋಗಿಗಳಿಗೂ ಕೇಳುವಂತೆ ಹೇಳುತ್ತಿದ್ದ. ನಾನು ಕೊಪ್ಪದಲ್ಲಿ ಡಾಕ್ಟರು, ನನಗೂ ಅರವತ್ತು ದಾಟಿದೆ. ಆದರೂ ಅವನ ಬಾಯಲ್ಲಿ ನಾನು ಕೂಸೇ. ಶೃಂಗೇರಿ ಹತ್ತಿರದ ಮೆಣಸೆಯಿಂದ ಬಸ್ಸು ಹತ್ತಿದವನು ಹರಿಹರಪುರ ಬರುವಷ್ಟರಲ್ಲಿ ಪಕ್ಕದಲ್ಲಿ ಕೂತವರಿಗೆಲ್ಲ ಆ ಅರವತ್ತೆಂಟರ ವಿಷಯ ತಿಳಿಸಿರುತ್ತಿದ್ದ.

ಇದು ಅವನೊಬ್ಬನ ಭ್ರಮೆಯಲ್ಲ. ಬಸರೀಕಟ್ಟೆಯ ಎಸ್ಟೇಟಿನಿಂದ ಜೀಪು ಮಾಡಿಕೊಂಡು ಬರುವವರೂ ಇದನ್ನೇ ಹೇಳುತ್ತಾರೆ. ಹಿಂದೆ ನಾನು ನರಸಿಂಹರಾಜಪುರದಲ್ಲಿ ಕೆಲಸಕ್ಕಿದ್ದಾಗ ಅಲ್ಲಿನವರೂ ಇದನ್ನೇ ಹೇಳುತ್ತಿದ್ದರು. ಮೇಲಿನದು ಬಸ್ಸಿನ ಗಡಿಬಿಡಿಗೆ ಏರುತ್ತದೆ, ಕೆಳಗಿನದು ಕಡಿಮೆ ಇದ್ದರೆ ಸೈ. ಯಾವ ಮಹಾನುಭಾವ ಈ ಪಾಠ ಹೇಳಿಕೊಟ್ಟನೋ, ಕೈಗೆ ಸಿಕ್ಕಿದರೆ ನಾಲ್ಕು ಮಾತು ಕೇಳಬೇಕೆಂದಿದ್ದೇನೆ. ವಯಸ್ಸಾದವರಲ್ಲಿ ಮೇಲಿನದು ಏರಿ ಕೆಳಗಿನದು ಇಳಿದಿದೆಯೆಂದರೆ ಎದೆಯಿಂದ ಹೊರಡುವ ದೊಡ್ಡ ರಕ್ತನಾಳ ಬಿರುಸಾಗಿದೆ ಎಂದೇ ಹೆಚ್ಚಾಗಿ ಅರ್ಥ. ಹಿಗ್ಗಿ ಕುಗ್ಗುವ ಗುಣ ಹೋಗಿದೆ ಎಂದು. ಅದರಲ್ಲಿ ಹೆಮ್ಮೆ ಪಡುವಂಥದ್ದೇನೂ ಇಲ್ಲ. ಇದನ್ನು ಅಣ್ಣನಿಗೆ ಹೇಳಿದರೆ, "ನಿಂಗೆ ಹೊಟ್ಟೆಕಿಚ್ಚು" ಎಂದು ನಕ್ಕು ಮಾತ್ರೆ ಚೀಟಿ ಜೇಬಿಗಿಳಿಸುತ್ತಿದ್ದ.

ನಗುವುದು ನಿಂತದ್ದು ಹಿಂದಿನ ವರ್ಷ, ಅಮ್ಮನ ಶ್ರಾದ್ಧದ ದಿನ.

ಅಮ್ಮನ ತಿಥಿ ಬರುವುದು ಪುಷ್ಯ ಮಾಸದಲ್ಲಿ. ಆ ದಿನಗಳಲ್ಲಿ ಮೆಣಸೆಯ ಇಬ್ಬನಿ ಹತ್ತು ಗಂಟೆಗೂ ಕರಗುವುದಿಲ್ಲ. ನಮ್ಮ ಮನೆಯಲ್ಲಿ ಶ್ರಾದ್ಧ ಮಾಡುವವನು ಬಾವಿಯ ತಣ್ಣೀರನ್ನೇ ತಲೆಗೆ ಹೊಯ್ದುಕೊಂಡು, ಉಟ್ಟ ಪಂಚೆಯನ್ನು ಹಿಂಡದೆ, ಒದ್ದೆಯಲ್ಲೇ ಕೂರಬೇಕು. ಎಲ್ಲರ ಮನೆಯಲ್ಲಿ ಹೀಗಿಲ್ಲ. ಹಿಂದಿನ ದಿನ ಯಾರೂ ಮುಟ್ಟದಂತೆ ಒಣಹಾಕಿದ ಪಂಚೆ ಬೇರೆಯವರಿಗೆ ಮಡಿಯೇ. ನಮ್ಮಪ್ಪನಿಗೆ ಮಾತ್ರ ಅದು ಸಾಲುತ್ತಿರಲಿಲ್ಲ, ಅಪ್ಪನ ನಂತರ ಅಣ್ಣನಿಗೂ ಸಾಲಲಿಲ್ಲ. ಹೋಮದ ಕಾವಿಗೆ ಪಂಚೆ ಒಣಗುತ್ತಾ ಬಂತೆಂದರೆ ಅವನು ಎದ್ದುಹೋಗಿ ಇನ್ನೊಂದು ಕೊಡ ಸುರಿದುಕೊಂಡು ಬರುತ್ತಿದ್ದ. ಜೊತೆಗೆ ಉಪವಾಸ. ಮಾತ್ರೆ ನುಂಗಿದರೆ ಗುಟುಕು ನೀರು ಒಳಗೆ ಹೋಗುತ್ತದಲ್ಲ, ಆದ್ದರಿಂದ ಮಾತ್ರೆಯೂ ಇಲ್ಲ.

ಹಿಂದಿನ ವರ್ಷ ಪಿಂಡ ಇಡುವ ಹೊತ್ತಿಗೆ ಅವನ ಉಸಿರು ಎಳೆಯುವ ಸದ್ದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನಗೆ ಕೇಳಿತು. ಬೆರಳ ತುದಿಗಳು ಬಿಳಿಚಿಕೊಂಡು, ತುಟಿ ನೀಲಿಗೆ ತಿರುಗಿತ್ತು. ಬಿ.ಪಿ. ಯಂತ್ರ ನನ್ನ ಚೀಲದಲ್ಲೇ ಇತ್ತು. ನಾನು ಹತ್ತಿರ ಹೋದಾಗ ಅವನು ಎಡಗೈ ಎತ್ತಿ ತಡೆದ. ಮಡಿಯಲ್ಲಿದ್ದಾನೆ, ಊರವರ ತೋಳಿಗೆಲ್ಲ ಕಟ್ಟಿದ ಪಟ್ಟಿ ಅವನನ್ನು ಮುಟ್ಟುವ ಹಾಗಿಲ್ಲ. "ಹೊಗೆ ಕುಡಿದದ್ದು, ಎಂಥದೂ ಇಲ್ಲ" ಎಂದರು ಅತ್ತಿಗೆ. ಅಣ್ಣ ಒಂದು ಕೈ ನೆಲಕ್ಕೂರಿ, ಮತ್ತೊಂದು ಕೈಯಲ್ಲಿ ಪಿಂಡ ಹಿಡಿದು, ಬಾಯಿ ತೆರೆದು ಗಾಳಿ ಎಳೆಯುತ್ತಾ ಮಂತ್ರ ಹೇಳಿದ. ನಾನು ಮೂರು ಮಾರು ದೂರದಲ್ಲಿ ನಿಂತು ನೋಡಿದೆ. ಮೂಗಿನ ತುದಿಯಲ್ಲೇ ಕೋಪ ಇರುವವಳು ನಾನು. ಆದರೆ ಆಗ ಬಂದದ್ದು ಕೋಪವಲ್ಲ, ಹೆದರಿಕೆ.

ವಾರ ಕಳೆದ ಮೇಲೆ ಬಲವಂತ ಮಾಡಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಕೋ ಮಾಡಿಸಿದಾಗ ಹೃದಯದ ಎಡಗೋಣೆಯ ಗೋಡೆ ದಪ್ಪಗಾಗಿತ್ತು. ವರ್ಷಗಟ್ಟಲೆ ಭಾರದ ವಿರುದ್ಧ ಒತ್ತಿ ಒತ್ತಿ ಆದದ್ದು. ಅಲ್ಲಿಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇಂಥ ಹೃದಯಕ್ಕೆ ಇದ್ದಕ್ಕಿದ್ದಂತೆ ಒತ್ತಡ ಏರಿದರೆ ತಡೆಯುವ ಶಕ್ತಿ ಇರುವುದಿಲ್ಲ ಎಂದರು. ನನಗೆ ಅದು ಗೊತ್ತಿತ್ತು. ಗೊತ್ತಿದ್ದರೂ ಅವರ ಬಾಯಲ್ಲಿ ಅದನ್ನು ಇನ್ನೊಂದು ಸಲ ಹೇಳಿಸಿ ಕೇಳಿದೆ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಕೂಸು ಎನ್ನಲು ಉಳಿದಿರುವವನು ಅವನೊಬ್ಬನೇ.

ಬುದ್ಧಿ ಹೇಳಿದರೆ ಅಣ್ಣ ಕೇಳುವವನಲ್ಲ, ಕಾರಣ ಹೇಳಿದರೆ ಕೇಳುತ್ತಾನೆ. ಅವನಿಗೆ ಗೊತ್ತಿರುವ ಕೆಲಸದಿಂದಲೇ ಹೊರಟೆ. ಗುಡ್ಡದ ಮೇಲಿನ ಅಬ್ಬಿಯಿಂದ ಮನೆಗೂ ತೋಟಕ್ಕೂ ಪೈಪಿನಲ್ಲಿ ನೀರು ತಂದವನು ಅವನೇ, ಇಂದಿಗೂ ಅದರ ಉಸ್ತುವಾರಿ ಅವನದೇ. "ಕೆಳಗೆ ವಾಲ್ವು ಥಟ್ಟಂತ ಮುಚ್ಚಿದ್ರೆ ಪೈಪು ಗುದ್ದುತ್ತದಲ್ಲ, ಯಾಕೆ?" ಎಂದು ಕೇಳಿದೆ.

"ನೀರಿನ ಪೆಟ್ಟು ತಿರುಗಿ ಮೇಲಕ್ಕೆ ಹೋಗ್ತದೆ."

"ಹಳೇ ಕಪ್ಪು ಪೈಪಿದ್ದಾಗ ಅಷ್ಟು ಗುದ್ದುತ್ತಿತ್ತಾ?"

"ಅದು ಮೆತ್ತಗಿತ್ತು, ಹಿಗ್ಗುತ್ತಿತ್ತು. ಈಗಿನ ಬಿಳೀ ಪೈಪು ಹಿಗ್ಗೂದಿಲ್ಲ ಮಾರಾಯ್ತಿ, ಹೋದ ವರ್ಷ ಒಡೆದೇ ಹೋಯ್ತು." ಹೇಳಿ ಮುಗಿಸುವಷ್ಟರಲ್ಲಿ ನಾನು ಎಲ್ಲಿಗೆ ಹೊರಟಿದ್ದೇನೆಂದು ಅವನಿಗೆ ಗೊತ್ತಾಯಿತು. "ಹಾಗಾದ್ರೆ ನಂಗೂ ಕಪ್ಪು ಪೈಪು ಹಾಕ್ಸು" ಎಂದ.

ನಗದೆ ಉಳಿದದ್ದನ್ನೂ ಹೇಳಿದೆ. ಹೃದಯ ಒಂದು ಸಲ ಹಿಂಡಿದಾಗ ರಕ್ತವೊಂದೇ ಮುಂದಕ್ಕೆ ಹೋಗುವುದಿಲ್ಲ. ರಕ್ತಕ್ಕಿಂತ ಬಹಳ ಬೇಗ, ನಾಳದ ಗೋಡೆಗುಂಟ ಒತ್ತಡದ ಒಂದು ಅಲೆ ಓಡುತ್ತದೆ. ನಾಡಿ ಹಿಡಿದಾಗ ನಮ್ಮ ಬೆರಳಿಗೆ ತಾಗುವುದು ಅದೇ. ನಾಳಗಳು ಕವಲೊಡೆಯುವಲ್ಲಿ, ಕೈಕಾಲುಗಳ ಸಣ್ಣ ನಾಳಗಳು ಬಿಗಿಯಾಗಿರುವಲ್ಲಿ ಆ ಅಲೆ ತಾಗಿ, ಅದರ ಒಂದು ಪಾಲು ಹೃದಯದ ಕಡೆಗೇ ಹೊರಡುತ್ತದೆ. ಪ್ರಾಯದವರಲ್ಲಿ ನಾಳ ಮೆತ್ತಗಿರುವುದರಿಂದ ಅಲೆ ನಿಧಾನವಾಗಿ ಹೋಗಿ ನಿಧಾನವಾಗಿ ಬರುತ್ತದೆ. ಅದು ಬಂದು ಮುಟ್ಟುವಾಗ ಹೃದಯ ಹಿಂಡಿ ಮುಗಿಸಿ, ಬಾಗಿಲು ಹಾಕಿಕೊಂಡು ಸುಧಾರಿಸಿಕೊಳ್ಳುತ್ತಿರುತ್ತದೆ. ಹೃದಯದ ಮಾಂಸಕ್ಕೆ ತನ್ನ ಪಾಲಿನ ರಕ್ತ ಸಿಗುವುದೂ ಹೆಚ್ಚಾಗಿ ಆ ಹೊತ್ತಿನಲ್ಲೇ. ಮರಳಿ ಬಂದ ಅಲೆ ಆ ರಕ್ತವನ್ನು ಒಳಕ್ಕೆ ನೂಕಿಕೊಡುತ್ತದೆ. ಅಂದರೆ ತಿರುಗಿ ಬರುವುದು ತಪ್ಪಲ್ಲ, ಹೊತ್ತಿಗೆ ಬಂದರೆ ಅದು ಉಪಕಾರವೇ.

ನಾಳ ಬಿರುಸಾದಾಗ ಅಲೆ ಓಡೋಡಿ ಹೋಗಿ ಓಡೋಡಿ ಬರುತ್ತದೆ. ಹೃದಯ ಇನ್ನೂ ಹಿಂಡುತ್ತಿರುವಾಗಲೇ ಎದುರಿಗೆ ಬಂದು ನಿಲ್ಲುತ್ತದೆ. ಹೃದಯ ತಾನೇ ಕಳಿಸಿದ್ದರ ವಿರುದ್ಧ ತಾನೇ ಒತ್ತಬೇಕು. ಮೇಲಿನ ಅಂಕಿ ಏರುವುದಕ್ಕೆ ಇದೂ ಒಂದು ಕಾರಣ. ಇತ್ತ ಸುಧಾರಿಸಿಕೊಳ್ಳುವ ಹೊತ್ತಿನಲ್ಲಿ ಬೇಕಾದ ಆಸರೆ ಇಲ್ಲ, ಹಿಗ್ಗಿದ್ದ ನಾಳ ಕುಗ್ಗಿ ರಕ್ತ ನೂಕುವುದೂ ಇಲ್ಲ, ಆದ್ದರಿಂದ ಕೆಳಗಿನ ಅಂಕಿ ಇಳಿಯುತ್ತದೆ. "ನಿನ್ನ ಅರವತ್ತೆಂಟು ಅಂದ್ರೆ ಇದು" ಎಂದೆ.

"ಇನ್ನು ಚಳಿ. ತಣ್ಣೀರು ಹೊಯ್ಕಂಡ ಕೂಡ್ಲೆ ಕೈಕಾಲಿನ ಸಣ್ಣ ನಾಳ ಎಲ್ಲ ಮುದುಡಿಕೊಳ್ತವೆ. ನೀನು ತೋಟದಲ್ಲಿ ಎಲ್ಲ ವಾಲ್ವು ಒಟ್ಟಿಗೆ ಮುಚ್ಚಿದ ಹಾಗೆ. ಅಲೆ ಇನ್ನೂ ಜೋರಾಗಿ ತಿರುಗ್ತದೆ. ಅದೂ ಮಾತ್ರೆ ಇಲ್ದೆ, ದಪ್ಪಗಾದ ಹೃದಯದ ಮೇಲೆ. ತೋಳಿಗೆ ಪಟ್ಟಿ ಕಟ್ಟಿದ್ರೂ ಅದು ತೋಳಿನ ಸುದ್ದಿ ಮಾತ್ರ ಹೇಳ್ತದೆ ಅಣ್ಣ. ಹೃದಯದ ಬಾಯಲ್ಲಿ ಎಷ್ಟು ಏರಿದೆ ಅಂತ ಅದಕ್ಕೆ ಪೂರ್ತಿ ಗೊತ್ತಾಗೂದಿಲ್ಲ."

"ಅರ್ಥ ಆಯ್ತು" ಎಂದ ಅಣ್ಣ. ಅಂದಿನಿಂದ ದಿನಾ ತಪ್ಪದೆ ಮಾತ್ರೆ ನುಂಗಿದ. ಉಪ್ಪಿನಕಾಯಿ ಜಾಡಿಯನ್ನು ಅತ್ತಿಗೆಯ ವಶಕ್ಕೆ ಕೊಟ್ಟ. ಏಕಾದಶಿಯಲ್ಲೂ ಮಾತ್ರೆ ಬಿಡಲಿಲ್ಲ. ನನಗೆ ಗೆದ್ದೆ ಎನಿಸಿತು.

ಈ ವರ್ಷ ಪುಷ್ಯ ಹತ್ತಿರ ಬರುವಾಗ ಅತ್ತಿಗೆ ಫೋನು ಮಾಡಿದರು. "ನಿಮ್ಮಣ್ಣ ಈ ಸಲವೂ ಒದ್ದೆಯಲ್ಲೇ ಕೂರ್ತಾರಂತೆ. ಆ ದಿನ ಮಾತ್ರೆಯೂ ಬೇಡವಂತೆ. ನಾ ಹೇಳಿ ಹೇಳಿ ಸೋತೆ. ನೀವೇ ಬನ್ನಿ." ಹೊಗೆ ಕುಡಿದದ್ದು ಎಂದು ಹಿಂದಿನ ವರ್ಷ ಹೇಳಿದವರು ಅವರೇ. ಹಾಗೆ ಹೇಳಿಕೊಳ್ಳದೆ ಅವರಿಗಾದರೂ ಬೇರೆ ದಾರಿ ಏನಿತ್ತು, ಪಾಪ.

ಎರಡು ದಿನ ಕ್ಲಿನಿಕ್ಕು ಮುಚ್ಚಿ ಹೊರಟೆ. ಮನೆಗೆ ಹೋಗುವ ಮೊದಲೇ ಪುರೋಹಿತರ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಶಾಸ್ತ್ರ ಹಿಡಿದು ವಾದ ಮಾಡುತ್ತಾರೆಂದು ಸೊಂಟ ಕಟ್ಟಿಕೊಂಡೇ ಹೋಗಿದ್ದೆ. ಭಟ್ಟರು ಮಾತು ಬೆಳೆಸಲೇ ಇಲ್ಲ. "ಅಶಕ್ತರಿಗೆ ಬಿಸಿನೀರು ಆಗ್ತದಮ್ಮ. ಒಣಗಿದ ಮಡಿ ಪಂಚೆ ಸಾಕು, ಮೇಲೆ ಧಾಬಳಿ ಹೊದೀಲಿ. ಔಷಧಕ್ಕೆ ದೋಷ ಇಲ್ಲ. ನಾ ಎಷ್ಟು ಸಲ ಹೇಳಿದೇನೆ ನಿಮ್ಮಣ್ಣಂಗೆ! ಹೋದ ವರ್ಷ ನಂಗೇ ಮಂತ್ರ ಮರೆತುಹೋಗಿತ್ತು ಹೆದರಿಕೆಗೆ" ಎಂದರು. ಹಾಗಾದರೆ ತಡೆಯುತ್ತಿರುವುದು ಶಾಸ್ತ್ರವೂ ಅಲ್ಲ, ಭಟ್ಟರೂ ಅಲ್ಲ. ಅಣ್ಣ ತಾನೇ.

ಸಂಜೆ ಜಗಲಿಯಲ್ಲಿ ಅವನು ಬಾಳೆ ಎಲೆ ಒರೆಸುತ್ತಾ ಕೂತಿದ್ದ. ನಾನು ಎದುರಿಗೆ ಕೂತು, ಭಟ್ಟರ ಒಪ್ಪಿಗೆ ಸಿಕ್ಕಿದೆ ಎಂದೆ. "ಗೊತ್ತು" ಎಂದ. ಅಲೆಯ ಲೆಕ್ಕ ಎಲ್ಲ ಮರೆತೆಯಾ ಎಂದೆ. "ಒಂದಕ್ಷರ ಮರೆತಿಲ್ಲ" ಎಂದ. ನನ್ನ ತಾಳ್ಮೆ ಅಷ್ಟೇ. ಸಾಯಬೇಕೂಂತ ಇದ್ದರೆ ಹೇಳು, ನಾನು ಕೊಪ್ಪಕ್ಕೆ ವಾಪಸು ಹೋಗುತ್ತೇನೆ, ಕಣ್ಣಾರೆ ನೋಡಲಿಕ್ಕೆ ನನ್ನಿಂದಾಗುವುದಿಲ್ಲ ಎಂದು ಕೂಗಿದೆ. ಒಳಗೆ ಅತ್ತಿಗೆ ಅಕ್ಕಿ ಕೇರುವ ಸದ್ದು ನಿಂತಿತು.

ಅಣ್ಣ ಕೈಯಲ್ಲಿದ್ದ ಎಲೆಯನ್ನು ಒರೆಸಿ ಪಕ್ಕಕ್ಕಿಟ್ಟ. "ಅಪ್ಪ ಮಾಡಿದ ಅಂತ ನಾ ಮಾಡೂದಲ್ಲ ಕೂಸೇ" ಎಂದ. "ಅಮ್ಮ ಬೆಳಗಾಗೂ ಮೊದ್ಲೇ ಬಾವಿಕಟ್ಟೆಗೆ ಹೋಗಿ ತಣ್ಣೀರು ಹೊಯ್ಕಳ್ತಿದ್ಲು. ಒದ್ದೆ ಸೀರೆಯಲ್ಲೇ ಒಲೆ ಮುಂದೆ ನಿಲ್ತಿದ್ಲು. ಅದು ಮೈಮೇಲೇ ಒಣಗ್ಬೇಕು. ಅಪ್ಪಂಗೆ ವರ್ಷಕ್ಕೆ ಎರಡೋ ಮೂರೋ ದಿನ. ಅವಳಿಗೆ ದಿನಾ. ಹಲ್ಲು ಕಡಿಯೋ ಸದ್ದು ನಂಗೆ ಮಲಗಿದಲ್ಲಿಗೆ ಕೇಳ್ತಿತ್ತು. ನಂಗೆ ಅದು ಮಾಮೂಲಿ ಆಗಿಹೋಗಿತ್ತು. ವರ್ಷಕ್ಕೊಂದು ದಿನ ಅವಳ ಚಳಿ ನಾನೂ ತಿನ್ನಬಾರದಾ? ಅವಳಿಗೆ ಅಂತ ನಾ ಮಾಡೋದು ಅದೊಂದೇ. ಉಂಡೆ ಕಟ್ಟಿ ಇಡೂದು ಯಾರು ಬೇಕಾದ್ರೂ ಮಾಡ್ತಾರೆ."

ಇಷ್ಟು ವರ್ಷ ಹಟ ಎಂದುಕೊಂಡದ್ದು ಪ್ರೀತಿಯಾಗಿತ್ತು, ಮತ್ತು ಆ ಪ್ರೀತಿಯೇ ಅವನನ್ನು ಕೊಲ್ಲುವುದಿತ್ತು. ಆಗ ನಾನು ಅಲ್ಲಿಯವರೆಗೆ ಯಾರಿಗೂ ಹೇಳದ ಮಾತನ್ನು ಹೇಳಿದೆ.

ಅಮ್ಮ ಹೋದದ್ದು ಇಂಥದೇ ಬೆಳಗಿನಲ್ಲಿ, ಬಾವಿಕಟ್ಟೆಯಲ್ಲಿ. ಕೊಡ ಉರುಳಿದ ಸದ್ದು ಕೇಳಿ ಹೋದವರಿಗೆ ಒದ್ದೆ ಸೀರೆಯಲ್ಲಿ ಬಿದ್ದ ಅವಳು ಸಿಕ್ಕಳು. ನಾನು ನರಸಿಂಹರಾಜಪುರದಿಂದ ಬಂದು ಮುಟ್ಟುವಷ್ಟರಲ್ಲಿ ನಡುಮನೆಯಲ್ಲಿ ಮಲಗಿಸಿ, ಬಾಯಿಗೆ ತುಳಸಿ ಇಟ್ಟಾಗಿತ್ತು. ಉಸಿರು ಇನ್ನೂ ಗೊರಗೊರ ಎನ್ನುತ್ತಿತ್ತು. ಬಂದವರೆಲ್ಲ ಒಂದೇ ಮಾತು ಹೇಳಿದರು. ಪುಣ್ಯವಂತೆ, ಮಡಿಯಲ್ಲೇ ಹೊರಟಳು, ಒಂದು ದಿನವೂ ಹಾಸಿಗೆ ಹಿಡಿಯಲಿಲ್ಲ. ನಾನು ಅವಳ ರೆಪ್ಪೆ ಬಿಡಿಸಿ ನೋಡಿದ್ದೆ. ಒಂದು ಕಣ್ಣಿನ ಪಾಪೆ ಅಗಲವಾಗಿ ತೆರೆದುಕೊಂಡಿತ್ತು, ಇನ್ನೊಂದರದು ಹಾಗಿರಲಿಲ್ಲ. ತಲೆಯ ಒಳಗೆ ನಾಳ ಒಡೆದಿದೆ ಎಂದು ನನಗೆ ಅಲ್ಲೇ ಗೊತ್ತಾಯಿತು. ಮನೆಯವರು ಆ ಪುಣ್ಯದ ಮಾತಿನಿಂದ ಸಮಾಧಾನ ಮಾಡಿಕೊಳ್ಳುತ್ತಿದ್ದಾರೆ, ಅದನ್ನು ಕಿತ್ತುಕೊಂಡು ಏನು ಮಾಡಲಿ ಎಂದು ಬಾಯಿ ಮುಚ್ಚಿಕೊಂಡೆ.

"ಪುಣ್ಯ ಅಲ್ಲ ಅಣ್ಣ" ಎಂದೆ. "ಅವಳಿಗೂ ನಾಳ ಬಿರುಸಾಗಿತ್ತು. ರಜೆಗೆ ಬಂದಾಗ ಕೈ ಹಿಡಿದ್ರೆ ನಾಡಿ ಬೆರಳಿಗೆ ಹಗ್ಗದ ಹಾಗೆ ತಾಗ್ತಿತ್ತು. ಪಟ್ಟಿ ಕಟ್ತೇನೆ ಅಂದ್ರೆ, ಮಡಿಯಲ್ಲಿದ್ದೇನೆ ಮುಟ್ಟಬೇಡ ಅಂತಿದ್ಲು. ಆ ಬೆಳಿಗ್ಗೆ ತಣ್ಣೀರು ಬಿದ್ದ ಕೂಡ್ಲೆ ಒತ್ತಡ ಏರಿದೆ, ತಲೆಯಲ್ಲಿ ನಾಳ ತಡೀಲಿಲ್ಲ. ಬೇರೆಯದೂ ಏನಾದ್ರೂ ಇದ್ದಿರಬಹುದು, ಪರೀಕ್ಷೆ ಯಾರು ಮಾಡಿದ್ದಾರೆ? ಆದ್ರೆ ಆ ಚಳಿ ಅವಳನ್ನ ಕೊಂದಿತು ಅಂತ ನಾನು ನಂಬಿದೇನೆ. ನೀನು ವರ್ಷಾ ವರ್ಷಾ ಅವಳಿಗೆ ಕೊಡ್ತಾ ಇರೂದು ಅದನ್ನೇ."

ಅಣ್ಣನ ಮುಖ ನೋಡಲಾಗಲಿಲ್ಲ. ಎದ್ದು ಒಳಗೆ ಹೋದ. ಆ ದಿನ ಅವನು ಮತ್ತೆ ನನ್ನ ಹತ್ತಿರ ಮಾತಾಡಲಿಲ್ಲ, ಫಲಾಹಾರಕ್ಕೂ ಬರಲಿಲ್ಲ. ಹೇಳಬಾರದಿತ್ತೇನೋ ಎಂದು ಅತ್ತಿಗೆಯನ್ನು ಕೇಳಿದೆ. "ಹೇಳಿದ್ದು ಒಳ್ಳೇದಾಯ್ತು" ಎಂದು ಅವರು ನನ್ನ ಕೈ ಹಿಡಿದುಕೊಂಡರು.

ಬೆಳಿಗ್ಗೆ ನಾನು ಏಳುವಾಗ ಬಚ್ಚಲ ಹಂಡೆಯ ಕೆಳಗೆ ಬೆಂಕಿ ಉರಿಯುತ್ತಿತ್ತು. ಅಣ್ಣನೇ ಹಚ್ಚಿದ್ದ. ಕೈ ನೀಡಿದ, ಮಾತ್ರೆ ಕೊಟ್ಟೆ, ಒಂದು ಗುಟುಕು ನೀರಿನಲ್ಲಿ ನುಂಗಿದ. ಬಿಸಿನೀರು ಸ್ನಾನ ಮಾಡಿ, ಗಳುವಿನ ಮೇಲೆ ಒಣಗಿದ್ದ ಮಡಿ ಪಂಚೆಯನ್ನು ಕೋಲಿನಿಂದ ತೆಗೆದು ಉಟ್ಟ. ಹೆಗಲ ತುಂಬ ಧಾಬಳಿ ಹೊದ್ದುಕೊಂಡು ಹೋಮದ ಮುಂದೆ ಕೂತ. ಭಟ್ಟರು ನನ್ನ ಕಡೆ ನೋಡಿ ತಲೆ ಆಡಿಸಿದರು. ಹೋಮ ಮುಗಿಯಿತು, ಬ್ರಾಹ್ಮಣರ ಊಟವೂ ಮುಗಿಯಿತು. ಅಣ್ಣನ ಬೆರಳುಗಳಲ್ಲಿ ಕೆಂಪು ಇತ್ತು. ನಾನು ಬಾಗಿಲಿಗೊರಗಿ ಅವನ ಉಸಿರನ್ನೇ ಕೇಳುತ್ತಿದ್ದೆ. ಏರಲಿಲ್ಲ. ಆದರೆ ಮುಖ ಮಾತ್ರ ಏನನ್ನೋ ಕಳೆದುಕೊಂಡವನ ಹಾಗಿತ್ತು. ಅವನ ಜೀವ ಉಳಿಸಿ ಅವನ ಕೈಯಿಂದ ಅಮ್ಮನನ್ನು ಕಸಿದುಕೊಂಡೆನೇನೋ ಎಂದು ಸಂಕಟವಾಯಿತು.

ಪಿಂಡಗಳನ್ನು ಇಟ್ಟಾದ ಮೇಲೆ ಎಳ್ಳುನೀರು ಬಿಡುವ ಹೊತ್ತು ಬಂತು. ಭಟ್ಟರು ಪಕ್ಕದಲ್ಲಿದ್ದ ತಾಮ್ರದ ಚೊಂಬನ್ನು ಮುಂದಕ್ಕೆ ಸರಿಸಹೋದರು. ಅಣ್ಣ ಕೈ ಅಡ್ಡ ಹಿಡಿದು, "ಅದು ಬೇಡ" ಎಂದು ಎದ್ದ. ಬಚ್ಚಲಿಗೆ ಹೋಗಿ, ಬೆಂಕಿಯ ಮೇಲಿದ್ದ ನೀರನ್ನು ಇನ್ನೊಂದು ಚೊಂಬಿನಲ್ಲಿ ತಂದಿಟ್ಟ. ಭಟ್ಟರು ಅದನ್ನು ಮುಟ್ಟಿ ಕೈ ಹಿಂದೆಗೆದರು.

"ಇದೆಂಥದು, ಬಿಸಿನೀರು! ಎಲ್ಲಾದ್ರೂ ಉಂಟಾ ಇದು? ಸ್ನಾನಕ್ಕೆ ಆಗಬಹುದು ಅಂದೆ, ತರ್ಪಣಕ್ಕೆ ಯಾರೂ ಬಿಸಿನೀರು ಬಿಡೂದಿಲ್ಲ."

"ಅವಳಿಗೆ ತಣ್ಣೀರು ಸಾಕಾಗಿದೆ ಭಟ್ರೇ" ಎಂದ ಅಣ್ಣ.

ಭಟ್ಟರು ಆ ಚೊಂಬನ್ನೇ ಅಣ್ಣನ ಮುಂದಕ್ಕೆ ಸರಿಸಿದರು. ಆಮೇಲೆ ಮಂತ್ರವನ್ನು ಮೊದಲಿಂದ ಹೇಳಿಕೊಡತೊಡಗಿದರು. ಅಣ್ಣ ಅಂಗೈಗೆ ನೀರು ಹಾಕಿಕೊಂಡು, ಹದ ಸರಿಯಿದೆಯೇ ಎಂದು ಒಂದು ಗಳಿಗೆ ಹಿಡಿದು ನೋಡಿ, ಅಮ್ಮನ ಹೆಸರು ಹೇಳಿ ಹೆಬ್ಬೆರಳ ಸಂದಿನಿಂದ ಬಿಟ್ಟ. ನಾನು ಬಾಗಿಲಲ್ಲೇ ಕೂತು ಅತ್ತೆ, ಅಮ್ಮ ಹೋದ ದಿನ ಅಳದೆ ಉಳಿದಿದ್ದನ್ನೂ ಸೇರಿಸಿ.